ಕುಬಸದ ಬುತ್ತಿಗೆ ತರ್ಕ ಹಚ್ಚಿದ್ದು

ಭೀಮರಾಯನಗುಡಿಯ ನಮ್ಮ ಆಫೀಸಿನಲ್ಲಿ 'ತಾರ್ಕಿಕ ಚಿಂತನೆ'ಯ ತರಬೇತಿ ಕೊಟ್ಟರು. ಗಾಬರಿಯಾಗಬೇಡಿ, ಪುರಾವೆ ನೋಡಿ, ಆಮೇಲೆ ತೀರ್ಮಾನಿಸಿ ಎಂದರು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಆಫೀಸಿನ ದಾರಿಯಲ್ಲಿ ರಂಗಂಪೇಟೆಯಲ್ಲೇ ಬಸ್ಸಿಳಿದು ಮನೆಗೆ ಓಡುವ ನಾನು ಅಂದೇ ಹೊಸ ಮನುಷ್ಯನಾದೆ. ಭಾನುವಾರದವರೆಗೆ ಹಾಗೇ ಇದ್ದೆ!

ಭಾನುವಾರ ಶಹಾಪುರದ ಗಂಡನ ಮನೆಯಲ್ಲಿ ನನ್ನ ಹೆಂಡತಿ ನೀಲಮ್ಮನ ತಂಗಿಯ ಕುಬಸ, ಅಂದರೆ ಸೀಮಂತ. ಅತ್ತೆ ಈಗಿಲ್ಲ. ಚೊಚ್ಚಲ ಬಸುರಿಗೆ ತವರಿನ ಬುತ್ತಿ ಒಯ್ಯುವ ಹೊಣೆ ಅಕ್ಕನದೇ. ನಸುಕಿನಲ್ಲೇ ಎದ್ದು ಹೋಳಿಗೆ ಮಾಡಿ, ಬಿಸಿಬಿಸಿಯಾಗಿ ಗಂಟು ಕಟ್ಟಿಟ್ಟು, ಸೀರೆ-ಬಳೆ ಹಿಡಿದು ಅವಳು ಸುರಪುರದಿಂದ ಮೊದಲ ಬಸ್ಸಿಗೆ ಹೊರಟಳು. ಬುತ್ತಿ ತರುವ ಕೆಲಸ ನನ್ನದು.

"ಏನ್ರಿ, ಗಂಟು ತೊಡಿಮ್ಯಾಲೇ ಇಟ್ಕೊಂಡು ಬರ್ರಿ. ದಾರ್ಯಾಗ ಬಿಚ್ಚಬ್ಯಾಡ್ರಿ, ಕುಬಸದ ಬುತ್ತಿ ಅದ."

ಬಸ್ಸಿನಲ್ಲಿ ನಾನು ತರ್ಕಿಸಿದೆ. ಓಡುವ ಬಸ್ಸಿನಿಂದ ಗಂಟು ತಾನಾಗಿ ಎದ್ದು ಹೋಗುತ್ತದೆ ಎನ್ನುವುದಕ್ಕೆ ಪುರಾವೆ ಎಲ್ಲಿದೆ? ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲಿಟ್ಟು ನಿಶ್ಚಿಂತೆಯಿಂದ ನಿದ್ದೆ ಹೋದೆ.

ಶಹಾಪುರದಲ್ಲಿ ಕಣ್ಣು ಬಿಟ್ಟರೆ ಅಲ್ಲಿ ಎರಡು ಗಂಟು! ಎರಡೂ ಬಿಳಿ ಧೋತರದವು. ಹಳೆಯ ನಾನಾಗಿದ್ದರೆ ಕೂಗಾಡುತ್ತಿದ್ದೆ. ಹೊಸ ಮನುಷ್ಯ ಒಂದನ್ನು ಮುಟ್ಟಿ ನೋಡಿದ. ಬೆಚ್ಚಗಿತ್ತು. ಮೆತ್ತಗಿತ್ತು. ನೀಲಮ್ಮನ ಹೋಳಿಗೆ ಎಂದರೆ ಹಾಗೇ ಅಲ್ಲವೇ? ಎತ್ತಿಕೊಂಡೆ.

"ಏ ತಮ್ಮಾ, ಅದು ನಂದು!" ಹಿಂದಿನ ಸೀಟಿನಿಂದ ಕುರಿ ಕಾಯುವವರ ಮನೆಯ ಅಜ್ಜಿಯೊಬ್ಬಳು ಕೈ ಚಾಚಿದಳು.

"ನಿಂದು ಅನ್ನಾಕ ಸಾಕ್ಷಿ ಏನದ ಆಯಿ?"

"ಬಿಚ್ಚಿ ನೋಡೋ, ಗೊತ್ತಾಗ್ತದ!"

"ಕುಬಸದ ಬುತ್ತಿ ದಾರ್ಯಾಗ ಬಿಚ್ಚಬಾರ್ದು!"

ಇದು ಯಾವ ತರ್ಕ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಆಟೋ ಹತ್ತಿಬಿಟ್ಟೆ.

ಮನೆಯಲ್ಲಿ ಹಸಿರು ಸೀರೆಯ ಬಸುರಿಯ ಸುತ್ತ ಹೆಂಗಸರು ಕಾದು ಕುಳಿತಿದ್ದರು. ಬಸುರಿಯ ಅತ್ತೆ, ನಮ್ಮ ಬೀಗತಿ, ಗಂಟು ಬಿಚ್ಚಿದರು. ಒಳಗೆ ಕರಿ ಕಂಬಳಿ! ಕುರಿಯ ವಾಸನೆ ಅಡುಗೆಮನೆಯವರೆಗೂ ಹೋಯಿತು.

"ಹುಟ್ಟೋ ಕೂಸು ಬೆಚ್ಚಗಿರಲಂತ ತಂದಾರೇನ್ರಿ ಅಳಿಯಂದ್ರು?" ಎಂದರು ಬೀಗತಿ. ಬಸುರಿ ಹೊಟ್ಟೆ ಹಿಡಿದು ನಕ್ಕಳು. ನೀಲಮ್ಮ ನಗಲಿಲ್ಲ. "ಅವ್ವ ಇದ್ದಿದ್ರ..." ಎಂದಳು.

"ಅಲ್ಲಲೇ, ಎಂಜಿನ್ ಮ್ಯಾಲ ಎರಡು ಗಂಟಿದ್ವು, ಇದು ಬೆಚ್ಚಗಿತ್ತು..." ಎಂದೆ.

"ಇನ್ನೊಂದು ಮುಟ್ಟಿ ನೋಡಿದ್ರೇನು?" ಎಂದಳು ನೀಲಮ್ಮ.

"ಇಲ್ಲ."

"ಎಂಜಿನ್ ಮ್ಯಾಲ ಇಟ್ರ ಕಲ್ಲೂ ಬೆಚ್ಚಗಾಗ್ತದ್ರಿ!"

ಕಂಬಳಿ ಹೊತ್ತು ಬಸ್ ನಿಲ್ದಾಣಕ್ಕೆ ಓಡಿದೆ. ಯಾದಗಿರಿಗೆ ಹೋಗಬೇಕಿದ್ದ ಅಜ್ಜಿ, ಕಂಬಳಿ ಬಿಟ್ಟು ಹೋಗಲಾರದೆ ಅಲ್ಲೇ ಇಳಿದು ನಮ್ಮ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ಆಯಿ, ಅದು ನಂದು!"

"ಸಾಕ್ಷಿ ಏನದಪ್ಪ?"

"ಬಿಚ್ಚಿ ನೋಡು!"

"ದಾರ್ಯಾಗ ಬಿಚ್ಚಬಾರ್ದಂತ ಯಾವನೋ ಶಾಣ್ಯಾ ಹೇಳ್ಯಾನ."

ಕೈ ಮುಗಿದೆ. ಅಜ್ಜಿಯನ್ನೂ ಬುತ್ತಿಯನ್ನೂ ಆಟೋದಲ್ಲಿ ಕರೆತಂದೆ. ಗಂಟು ಈ ಸಲ ನನ್ನ ತೊಡೆಯ ಮೇಲೆಯೇ ಇತ್ತು. ತಡವಾದರೂ ಉಡಿ ತುಂಬಿದರು. ನೀಲಮ್ಮ ಕಣ್ಣೊರೆಸಿಕೊಂಡು, ಮೊದಲ ಹೋಳಿಗೆ ತಂಗಿಗೆ, ಎರಡನೆಯದು ಅಜ್ಜಿಗೆ ಬಡಿಸಿದಳು.

ಅಜ್ಜಿ ಕಂಬಳಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಉಣ್ಣುತ್ತಿದ್ದಳು. ಪಾಪ ಅನಿಸಿತು.

"ಈಗರ ಕೆಳಗಿಡು ಆಯಿ. ಮನ್ಯಾಗ ಯಾರು ಒಯ್ತಾರ?"

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀ ಇನ್ನಾ ಇಲ್ಲೇ ಇದ್ದೀಯಲ್ಲಪ್ಪ!"