ಮೊದಲನೆಯ ಪ್ರಶ್ನೆ ಕೇಳುವ ಹುದ್ದೆ

ನಿವೃತ್ತನಾದ ಮನುಷ್ಯನಿಗೆ ಪಿಂಚಣಿಯೊಂದಿದ್ದರೆ ಸಾಲದು, ಒಂದು ಹುದ್ದೆಯೂ ಬೇಕು. ವರ್ಷಗಟ್ಟಲೆ ‘ಸಾಹೇಬರು’ ಎನಿಸಿಕೊಂಡವನಿಗೆ ಹಾಲಿನ ಪಾಕೀಟು ತರುವ ಕೆಲಸ ಎಷ್ಟು ಶ್ರದ್ಧೆಯಿಂದ ಮಾಡಿದರೂ ಹುದ್ದೆ ಅನಿಸುವುದಿಲ್ಲ. ಆದ್ದರಿಂದಲೇ ಧಾರವಾಡದ ನಮ್ಮ ಹಿರಿಯರ ಬಳಗದಲ್ಲಿ ಪ್ರತಿಯೊಬ್ಬರೂ ಏನಾದರೊಂದು ಆಗಿದ್ದೇವೆ. ಅಧ್ಯಕ್ಷರಿದ್ದಾರೆ, ಹಾರ ತರುವವರಿದ್ದಾರೆ, ಮೈಕು ಕಿರುಚಿದರೆ ಓಡಿಹೋಗಿ ಅದನ್ನು ಇನ್ನಷ್ಟು ಕಿರುಚಿಸುವವರಿದ್ದಾರೆ. ನಾನು ಮೊದಲನೆಯ ಪ್ರಶ್ನೆ ಕೇಳುವವನು.

ಇಂಥ ಹುದ್ದೆ ಬೇರೆ ಊರಲ್ಲಿದೆಯೋ ಇಲ್ಲವೋ ಕಾಣೆ. ನಮ್ಮಲ್ಲಿ ಪ್ರತಿ ಶನಿವಾರ ಸಂಜೆ ಅತಿಥಿಗಳ ಉಪನ್ಯಾಸವಿರುತ್ತದೆ. ಕೊನೆಗೆ ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದಾಗ ಯಾರೂ ಬಾಯಿ ಬಿಡದಿದ್ದರೆ ಬಂದವರಿಗೆ ಬೇಸರ. ಎಲ್ಲರೂ ಬಾಯಿ ಬಿಟ್ಟರೆ ಹಿಂದಿನ ಕೋಣೆಯಲ್ಲಿ ಚುರುಮುರಿಯ ಗಿರಮಿಟ್ಟಿನ ಜೊತೆ ಕಾದಿರುವ ಮಿರ್ಚಿ ಭಜಿ ಆರಿಹೋಗುತ್ತದೆ. ಹಾಗಾಗಿ ಒಬ್ಬರು, ಒಂದೇ ಪ್ರಶ್ನೆ, ಚಿಕ್ಕ ಉತ್ತರ. ಮೊದಲು ಈ ಕೆಲಸ ಸ್ಯಾಮುವೆಲ್ ಮಾಸ್ತರರದಾಗಿತ್ತು. ಮಿಷನ್ ಶಾಲೆಯಲ್ಲಿ ಹೆಡ್ ಮಾಸ್ತರರಾಗಿದ್ದವರು, ವಿಷಯ ತಿಳಿದುಕೊಂಡು ಕೇಳುತ್ತಿದ್ದರು. ತೊಂದರೆಯಾದದ್ದೇ ಅದರಿಂದ. ಒಮ್ಮೆ ಅವರ ಪ್ರಶ್ನೆಯಿಂದ ಖುಷಿಯಾದ ಅತಿಥಿಯೊಬ್ಬರು ಉಪನ್ಯಾಸವನ್ನು ಮತ್ತೆ ಮೊದಲಿನಿಂದ ಶುರುಮಾಡಿದರು. ಆ ದಿನ ತಣ್ಣನೆಯ ಮಿರ್ಚಿ ತಿಂದ ಅಧ್ಯಕ್ಷ ಅಂಗಡಿಯವರು ಕೆಲಸವನ್ನು ನನಗೆ ವಹಿಸಿದರು.

ನಾನು ಅದನ್ನು ಒಂದು ಕಲೆಯ ಮಟ್ಟಕ್ಕೆ ತಂದೆ ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಎಲ್ಲ ಉಪನ್ಯಾಸಕ್ಕೂ ಹೊಂದುವ ಒಂದು ಪ್ರಶ್ನೆಯನ್ನೇ ಕಂಡುಹಿಡಿದೆ: “ನಮ್ಮ ವಯಸ್ಸಿನವರು ಇದನ್ನ ದಿನಾ ಮಾಡಬೇಕೇನ್ರಿ? ಊಟಕ್ಕ ಮೊದಲೋ, ಊಟ ಆದ ಮ್ಯಾಲೋ?” ವಾಯುವಿಹಾರಕ್ಕೆ ಇದು ಹೊಂದಿತು, ನಗೆಯೋಗಕ್ಕೆ ಹೊಂದಿತು, ಮೊಬೈಲ್ ಬಳಕೆಗೂ ಹೊಂದಿತು. ಇದರ ದೊಡ್ಡ ಅನುಕೂಲವೆಂದರೆ ಉಪನ್ಯಾಸ ಕೇಳಬೇಕಾಗಿಲ್ಲ. ಫ್ಯಾನಿನ ಕೆಳಗೆ ಕೂತು ಕಣ್ಣು ಮುಚ್ಚಿದರೆ, ಏಕಾಗ್ರತೆಯಿಂದ ಕೇಳುತ್ತಿದ್ದಾರೆ ಎಂದು ಅತಿಥಿಗಳು ತಿಳಿಯುತ್ತಾರೆ. ಪಕ್ಕದಲ್ಲಿ ಕೂರುವ ಸ್ಯಾಮುವೆಲ್ ಮಾಸ್ತರರು ಮಾತ್ರ ಹಾಗೆ ತಿಳಿಯುವುದಿಲ್ಲ, ಅವರಿಗೆ ಗೊರಕೆ ಕೇಳಿಸುತ್ತದೆ.

ಹೋದ ತಿಂಗಳು ಒಂದು ಶನಿವಾರ ಹಲಗೆಯ ಮೇಲೆ ‘ಪ್ರಾಣಾಯಾಮ’ ಎಂದು ಬರೆದಿತ್ತು. ಬರಬೇಕಾದ ಯೋಗ ಶಿಕ್ಷಕರು ಬರಲಿಲ್ಲ, ಅವರ ಬದಲು ಹುಬ್ಬಳ್ಳಿಯಿಂದ ಒಬ್ಬ ಡಾಕ್ಟರಮ್ಮ ಬಂದರು. ಅಧ್ಯಕ್ಷರು ವಿಷಯ ಬದಲಾಗಿದೆ ಎಂದು ಸಾರುವಾಗ ನಾನು ಹಿಂದಿನ ಕೋಣೆಯಲ್ಲಿ ನನ್ನ ಗಿರಮಿಟ್ಟಿಗೆ ಖಾರ ಕಡಿಮೆ ಹಾಕಲು ಹೇಳುತ್ತಿದ್ದೆ. ಬಂದು ಕೂತು ಕಣ್ಣು ಮುಚ್ಚಿದೆ. ‘ಮನಸ್ಸು ಗಟ್ಟಿ ಮಾಡಬೇಕು’ ಎಂದದ್ದು ಕೇಳಿಸಿತು. ‘ಮನೆಯವರ ಒಪ್ಪಿಗೆ ಬೇಕು’ ಎಂದದ್ದೂ ಕೇಳಿಸಿತು. ನಾನು ಮೂಗು ಹಿಡಿದು ಬುಸ್ ಎಂದರೆ ನನ್ನ ಹೆಂಡತಿ ಗಿರಿಜಾ ಬೈಯುವುದು ನೆನಪಾಗಿ, ಖರೇ ಅದ ಎಂದುಕೊಂಡೆ. ಮುಂದೆ ಏನೂ ಕೇಳಿಸಲಿಲ್ಲ.

ಚಪ್ಪಾಳೆಗೆ ಎಚ್ಚರವಾಗಿ, ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ನನ್ನ ಪ್ರಶ್ನೆ ಕೇಳಿದೆ. ಸ್ಯಾಮುವೆಲ್ ಮಾಸ್ತರರು ನನ್ನ ಅಂಗಿ ಜಗ್ಗಿ ಪಿಸುಗುಟ್ಟಿದರು: “ದೇಹದಾನದ ಬಗ್ಗೆ ಹೇಳಿದ್ರು ಮಾರಾಯ್ರ. ಸತ್ತ ಮ್ಯಾಲೆ ಮೈ ಮೆಡಿಕಲ್ ಕಾಲೇಜಿಗೆ ಕೊಡೂದು.”

ನನ್ನ ಹುದ್ದೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಕೆಲಸದಿಂದ ನಿವೃತ್ತನಾದ ದಿನವೂ ಹಾಗೆ ಅನಿಸಿರಲಿಲ್ಲ. ಡಾಕ್ಟರಮ್ಮ ಮುಖದ ಮೇಲಿನ ಗಾಂಭೀರ್ಯ ಕೆಡಿಸಿಕೊಳ್ಳದೆ ಹೇಳಿದರು: “ದಿನಾ ಬ್ಯಾಡ್ರಿ ಕಾಕಾ, ಒಂದ ಸಲ ಮಾಡಿದ್ರ ಸಾಕು. ಊಟದ ನಿಯಮ ಏನಿಲ್ಲ. ಎಲ್ಲಾ ಊಟ ಮುಗಿಸಿಕೊಂಡ ಬರ್ರಿ, ನಮಗೇನೂ ಅವಸರ ಇಲ್ಲ.”

ಮೊದಲು ನಕ್ಕವರು ಅಧ್ಯಕ್ಷ ಅಂಗಡಿಯವರು. ಆಮೇಲೆ ಇಡೀ ಸಭೆ ಕೆಮ್ಮುವವರೆಗೆ ನಕ್ಕಿತು. ಸಾವಿನ ಮಾತು ಬಂದಾಗಿನಿಂದ ಉಸಿರು ಹಿಡಿದು ಕೂತಿದ್ದ ಮುದುಕರಿಗೆಲ್ಲ ಬಾಯಿ ಬಂತು. ಮೊಣಕಾಲು ಕೆಟ್ಟವರನ್ನು ತಗೋತಾರೋ ಎಂದು ಒಬ್ಬರು ಕೇಳಿದರು. ಸಕ್ಕರೆ ಕಾಯಿಲೆಯವರಾದ್ರ ನಡೀತದೋ ಎಂದು ಇನ್ನೊಬ್ಬರು. ಮಿರ್ಚಿ ಪೂರ್ತಿ ಆರಿತು, ಯಾರೂ ತಕರಾರು ಮಾಡಲಿಲ್ಲ. ತಿನ್ನುವಾಗ ಸ್ಯಾಮುವೆಲ್ ಮಾಸ್ತರರೇ ಬಂದು, “ನಾ ತಿಳದು ಕೇಳಿದ್ರ ಒಬ್ಬರೂ ಬಾಯಿ ಬಿಡತಿರಲಿಲ್ಲ. ಈ ಕೆಲಸ ನಿಮಗ ಇರಲಿ” ಎಂದರು. ನನಗೆ ಬಡ್ತಿ ಸಿಕ್ಕಷ್ಟು ಸಂತೋಷವಾಯಿತು.

ಆ ಸಂತೋಷದಲ್ಲೇ ಮನೆಗೆ ಬಂದು ಗಿರಿಜಾಳಿಗೆ, ನಾನೂ ದೇಹದಾನ ಮಾಡುವವನಿದ್ದೇನೆ, ನಿನ್ನ ಒಪ್ಪಿಗೆ ಬೇಕು ಎಂದೆ. ಅಳಬಹುದು ಎಂಬ ಸಣ್ಣ ಆಸೆ ಇತ್ತು. ಗಿರಿಜಾ ಅವರೆಕಾಯಿ ಸುಲಿಯುತ್ತ ಕೇಳಿದಳು: “ಅಲ್ಲಿ ಏನ ಮಾಡತಾರ್ರಿ?”

“ಮೇಜಿನ ಮ್ಯಾಲೆ ಮಲಗಿಸಿ, ಸುತ್ತಲೂ ಹುಡುಗೂರನ್ನ ನಿಲ್ಲಿಸಿಕೊಂಡು ಪಾಠ ಹೇಳತಾರ.”

“ಹಂಗಾರ ಕೊಡ್ರಿ. ಅವರು ಪಾಠ ಹೇಳತಿರತಾರ, ನೀವು ಮಲಗಿರತೀರಿ. ನಿಮಗ ಹೊಸಾದೇನ ಐತಿ ಅದರಾಗ?”

ಹೆಸರು ಕೊಟ್ಟು ಬಂದಿದ್ದೇನೆ, ಮನಸ್ಸು ಹಗುರವಾಗಿದೆ. ಒಂದೇ ಒಂದು ಅಂಜಿಕೆ ಉಳಿದಿದೆ. ಪಾಠ ಮುಗಿಸಿದವರು ಅಲ್ಲಿಯೂ ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದುಬಿಟ್ಟರೆ, ರೂಢಿಯಂತೆ ನಾನು ಎದ್ದು ನಿಲ್ಲದಿದ್ದರೆ ಸಾಕು.