ಇಪ್ಪತ್ತು ಲಕ್ಷ ಚುಕ್ಕೆಗಳ ಟೀವಿ

ನನಗೆ ಮೋಸ ಮಾಡುವುದು ಸುಲಭವಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಪುಣೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಹಲ್ಲುಗಾಲಿಗಳನ್ನು ಭೂತಗನ್ನಡಿಯಲ್ಲಿ ನೋಡಿ ‘ಪಾಸು’, ‘ಫೇಲು’ ಎನ್ನುವುದೇ ನನ್ನ ಕೆಲಸವಾಗಿತ್ತು. ಕೂದಲೆಳೆಯಷ್ಟು ಬಿರುಕೂ ನನ್ನ ಕಣ್ಣು ತಪ್ಪಿಸಿಕೊಂಡು ಹೋದದ್ದಿಲ್ಲ. ಈ ಚಟ ಕಾರ್ಖಾನೆಯ ಗೇಟಿನಲ್ಲೇ ನಿಲ್ಲಲಿಲ್ಲ. ಬದನೆಕಾಯಿಯನ್ನೂ ನಾನು ಆ ಭೂತಗನ್ನಡಿ ಹಿಡಿದೇ ಕೊಳ್ಳುವುದು. ಯೆರವಡಾದ ತರಕಾರಿಯವಳು ನನ್ನನ್ನು ಕಂಡರೆ ಬುಟ್ಟಿಗೆ ಗೋಣಿ ಮುಚ್ಚುತ್ತಿದ್ದಳು.

ಹೀಗಿರುವಾಗ ನನ್ನ ಹೆಂಡತಿ ಗಿರಿಜಾಳ ತಂಗಿಯ ಮಗಳು ಸುಮಾ ಕನ್ನಡ ಚಾನೆಲ್ಲಿನ ಹಾಡಿನ ಸ್ಪರ್ಧೆಗೆ ಆಯ್ಕೆಯಾದಳು. ಗಿರಿಜಾ ಎತ್ತಿ ಆಡಿಸಿದ ಮಗು. ನಾಲ್ಕು ವರ್ಷದಿಂದ ಕಂಡಿರಲಿಲ್ಲ. “ಆಕಿ ಮಾರಿ ಛಂದಂಗ ಕಾಣಬೇಕ್ರಿ. ನಮ್ಮ ಹಳೇ ಡಬ್ಬ್ಯಾಗ ಎಲ್ಲಾರೂ ಕಾಮಾಲಿ ಆದಂಗ ಕಾಣ್ತಾರ” ಎಂದಳು.

ಶನಿವಾರ ಅಂಗಡಿಗೆ ಹೋದೆವು. ಆಗಷ್ಟೇ ಚಪ್ಪಟೆ ಟೀವಿಗಳು ಬಂದಿದ್ದ ಕಾಲ. ಪರದೆಗಳ ಮೇಲೆಲ್ಲ ಒಂದೇ ಗಿಳಿ ರೆಕ್ಕೆ ಬಿಚ್ಚುತ್ತಿತ್ತು. ನಾನು ಜೇಬಿನಿಂದ ಭೂತಗನ್ನಡಿ ತೆಗೆದು ಪರದೆಗೆ ಮೂಗು ತಾಗಿಸಿ ನಿಂತೆ. ಅಂಗಡಿಯವನು ಮರಾಠಿಯಲ್ಲಿ, “ಕಾಕಾ, ಟೀವಿ ನೋಡ್ತೀರೋ, ಎಣಿಸ್ತೀರೋ?” ಎಂದು ಕೇಳಿದ. ಎಣಿಸುತ್ತೇನೆ ಎಂದೆ. ಒಂದರಲ್ಲಿ ಹತ್ತು ಲಕ್ಷ ಚುಕ್ಕೆ, ಇನ್ನೊಂದರಲ್ಲಿ ಇಪ್ಪತ್ತು ಲಕ್ಷ. ಇದರಲ್ಲಿ ಯೋಚಿಸುವುದೇನಿದೆ?

ಗಿರಿಜಾ ಮಾತ್ರ ನನ್ನ ತೋಳು ಜಗ್ಗಿದಳು. “ಇದ್ರಾಗ ನಮ್ಮ ಕನ್ನಡ ಚಾನೆಲ್ ಹಚ್ಚಿ ತೋರ್ಸಂತ ಹೇಳ್ರಿ.”

“ಗಿಳೀದು ಪುಕ್ಕ ಪುಕ್ಕ ಎಣಿಸಬಹುದು. ಇನ್ನ ಸುಮಾನ ಮಾರಿ ಕಾಣೂದಿಲ್ಲೇನ?” ಎಂದು ಅವಳ ಬಾಯಿ ಮುಚ್ಚಿಸಿದೆ. ಹಳೆಯದನ್ನು ಬದಲಿಗೆ ಕೊಟ್ಟು ಹೊಸದನ್ನು ಆರಿಸಿದೆ.

ಭಾನುವಾರ ಟೀವಿ ಗೋಡೆಗೇರುವುದಕ್ಕೂ ಸ್ಪರ್ಧೆ ಶುರುವಾಗುವುದಕ್ಕೂ ಸರಿಹೋಯಿತು. ನಮ್ಮ ಕೇಬಲ್ಲಿನವನಿಗೆ ಪುಣೆಯಲ್ಲಿ ಕನ್ನಡ ಬೇಕೆನ್ನುವ ಮನೆಗಳು ಬೆರಳೆಣಿಕೆಯಷ್ಟು. ಹಾಗಾಗಿ ನಮ್ಮ ಚಾನೆಲ್ ಕಟ್ಟಕಡೆಯ ನಂಬರಿನಲ್ಲಿ, ಸದಾ ಹಿಟ್ಟು ಜರಡಿ ಹಿಡಿದ ಹಾಗೆ ಬರುತ್ತಿತ್ತು. ಹಳೆಯ ಟೀವಿ ತನ್ನ ಮಬ್ಬಿನಲ್ಲಿ ಆ ಹಿಟ್ಟನ್ನು ಅಷ್ಟಿಷ್ಟು ಮುಚ್ಚಿಡುತ್ತಿತ್ತು. ಹೊಸದು ಒಂದು ಕಣವನ್ನೂ ಬಿಡದೆ ತೋರಿಸಿತು. ಆ ಹಿಟ್ಟಿನ ಹಿಂದೆ ಹಸಿರು ಸೀರೆಯಂಥದೇನೋ ಅಲುಗಾಡುತ್ತ ಹಾಡತೊಡಗಿತು.

“ಹಳೇದ್ರಾಗ ಹಳದಿ ಆದ್ರೂ ಮಾರಿ ಅಂತ ಒಂದಿತ್ತು” ಎಂದ ಗಿರಿಜಾಳ ಕಣ್ಣು ತುಂಬಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನಗೆ ನಿಜವಾಗಿ ನಾಚಿಕೆಯಾಯಿತು. ಆದರೆ ನಾಚಿಕೆಪಟ್ಟು ಸುಮ್ಮನಿರುವ ಜಾತಿಯೇ ನನ್ನದು? ಸ್ಟೂಲು ಹತ್ತಿ, ಪರದೆಗೆ ಅಡ್ಡ ನಿಂತು ಭೂತಗನ್ನಡಿ ಹಿಡಿದೆ. ಕೆಂಪು, ಹಸಿರು, ನೀಲಿ, ಒಂದು ಚುಕ್ಕೆಯೂ ಕೆಟ್ಟಿರಲಿಲ್ಲ. ಅಭ್ಯಾಸಬಲದಿಂದ ಬಾಯಿ ಜೋರಾಗಿ “ಪಾಸು!” ಎಂದುಬಿಟ್ಟಿತು.

ಹಿಂದಿನಿಂದ ಗಿರಿಜಾಳ ದನಿ ಬಂತು: “ಮೊದಲ ಕೆಳಗ ಇಳೀರಿ. ಇಷ್ಟು ದೊಡ್ಡ ಟೀವ್ಯಾಗ ಸ್ವಚ್ಛ ಕಾಣಾಕತ್ತಿದ್ದು ನಿಮ್ಮ ಬೋಳ ತಲಿ ಒಂದ.”