ಮೂಗಣ್ಣ ಮೂಸಿದ ಗುಲಾಬಿ ಸೋಪು

“ರೀ, ಮೂಗು ಮುಖದ ಮೇಲಿದೆಯೋ, ಫ್ಯಾಕ್ಟರೀಲೇ ಬಿಟ್ಟು ಬಂದಿದೀರೋ? ಹಾಲು ಉಕ್ಕಿ, ಬತ್ತಿ, ಪಾತ್ರೆ ತಳ ಕರಕಲಾಗಿದೆ. ಪಕ್ಕದಲ್ಲೇ ಕಂಬದ ಹಾಗೆ ಕೂತಿದೀರಲ್ಲ.”

“ಪೇಪರ್ ಓದ್ತಾ ಇದ್ದೆ ಕಣೇ.”

“ಪೇಪರ್ ಓದೋದು ಕಣ್ಣು. ಮೂಗಿಗೇನು ಕೆಲಸ ಇತ್ತು? ಊರಿನ ಸೋಪೆಲ್ಲ ಮೂಸ್ತೀರಿ, ಮನೆ ಹಾಲು ಸೀದಿದ್ದು ಗೊತ್ತಾಗಲ್ಲ.”

ಅವನು ಓದುತ್ತಿದ್ದದ್ದು ಊರಿಗೆ ಬಂದ ಅಂಟುರೋಗದಲ್ಲಿ ಸತ್ತವರ ಲೆಕ್ಕ. ಓದುವುದೂ ಮನೆಯೊಳಗೇ ಒಂದರ ಮೇಲೊಂದು ಎರಡು ಮಾಸ್ಕ್ ಬಿಗಿದುಕೊಂಡು. ಜಗಳ ಅಲ್ಲಿಗೇ ಮುಗಿಯಬೇಕಿತ್ತು. ಅಷ್ಟರಲ್ಲಿ ಗೋಡೆಯ ಆಚೆಯಿಂದ ಪಕ್ಕದ ಮನೆಯ ಕಾಂಪೌಂಡರ್ ಮಾವನ ತಲೆ ಮೇಲೆದ್ದಿತು. ಆಸ್ಪತ್ರೆಯ ಕೆಲಸದಿಂದ ನಿವೃತ್ತನಾದ ಮೇಲೆ ಈ ಮಾವನಿಗೆ ಹೆದರಿಕೆ ಹಂಚುವುದೇ ಉದ್ಯೋಗ.

“ಸೀದ ವಾಸನೆ ಬರಲಿಲ್ವೇನಯ್ಯಾ? ಒಂಚೂರೂ?”

“ಇಲ್ಲ ಮಾವ.”

“ಹಾಗಾದ್ರೆ ಒಳಗೆ ಬಂದು ಕೂತಿದೆ ಅಂತ ಲೆಕ್ಕ. ಎದುರು ಮನೆಯವನಿಗೂ ಹೀಗೇ ಶುರುವಾಗಿದ್ದು.”

ಎದುರು ಮನೆಯವನನ್ನು ಹೋದ ವಾರ ಆಸ್ಪತ್ರೆಯ ಬಿಳಿ ವ್ಯಾನು ಕರೆದುಕೊಂಡು ಹೋಗಿತ್ತು. ಅವನ ಚಪ್ಪಲಿ ಇನ್ನೂ ಬಾಗಿಲಲ್ಲೇ ಬಿದ್ದಿದ್ದವು. ಅವನ್ನು ತೆಗೆದಿಡಲು ಯಾರಿಗೂ ಧೈರ್ಯವಿರಲಿಲ್ಲ.

ನಮ್ಮವನು ಪೇಪರನ್ನು ಮಡಚಿ ಪಕ್ಕಕ್ಕಿಟ್ಟ. ಬೇರೆಯವರಿಗೆ ವಾಸನೆ ಹೋದರೆ ಕಾಯಿಲೆ ಮಾತ್ರ. ಇವನಿಗೆ ಕೆಲಸವೂ ಹೋಗುತ್ತದೆ. ಸೋಪು ಫ್ಯಾಕ್ಟರಿಯಲ್ಲಿ ಇವನ ಉದ್ಯೋಗವೇ ಮೂಸುವುದು. ಕೊಪ್ಪರಿಗೆಯಿಂದ ಇಳಿದ ಪ್ರತಿ ಲಾಟನ್ನೂ ಇವನು ಮೂಸಿ ತಲೆಯಾಡಿಸಿದ ಮೇಲೇ ಪ್ಯಾಕಿಂಗಿಗೆ ಹೋಗಬೇಕು. ಅಲ್ಲಿ ಇವನ ಹೆಸರೇ ಮೂಗಣ್ಣ. ಕಾಯಿಲೆ ಬಂದಾಗಿನಿಂದ ಅರ್ಧ ಜನರನ್ನು ಮನೆಗೆ ಕಳಿಸಿಯಾಗಿತ್ತು. ಉಳಿದವರಲ್ಲಿ ಯಾರಿಗೆ ವಾಸನೆ ಬರುವುದಿಲ್ಲವೋ ಅವರು ಗೇಟಿನ ಹೊರಗೆ ಎಂದು ಮ್ಯಾನೇಜರು ಹೇಳಿದ್ದರು.

ಹೆಂಡತಿಗೂ ಈಗ ಭಯ ಹತ್ತಿತು. ಕೊಯ್ದ ಈರುಳ್ಳಿ ತಂದು, “ಮಾಸ್ಕ್ ತೆಗೀರಿ, ಒಂದ್ಸಲ ಮೂಸಿ, ಗೊತ್ತಾಗಿಬಿಡ್ಲಿ,” ಎಂದಳು.

ಗೊತ್ತಾಗುವುದೇ ಬೇಡವಾಗಿತ್ತು ಮೂಗಣ್ಣನಿಗೆ. ಪೊಲೀಸರನ್ನು ಕಂಡ ಕಳ್ಳನ ಹಾಗೆ ಈರುಳ್ಳಿಯಿಂದ ತಪ್ಪಿಸಿಕೊಂಡು ಬೀದಿಗಿಳಿದ. ದಾರಿಯುದ್ದಕ್ಕೂ ಬಾಯಲ್ಲೇ ಉಸಿರಾಡಿದ. ಮೋರಿ ಬಂದಾಗ ಓಡಿಯೇ ದಾಟಿದ. ಮೋರಿಯ ನಾತ ಬರದೇ ಹೋದರೆ ಏನು ಗತಿ?

ಅವನಿಗಿಂತ ಮೊದಲು ಸುದ್ದಿ ಫ್ಯಾಕ್ಟರಿ ತಲುಪಿತ್ತು. ಕಾಂಪೌಂಡರ್ ಮಾವ ಫೋನ್ ಮಾಡಿದ್ದ, ಅವನ ಸೊಸೆ ಅಲ್ಲೇ ಪ್ಯಾಕಿಂಗಿನಲ್ಲಿದ್ದಳು. ಗೇಟಿನವನು ಹಣೆಗೆ ಯಂತ್ರ ಹಿಡಿದು, “ಜ್ವರ ಇಲ್ಲ. ಆದ್ರೂ ಯಾಕೆ ಹೀಗೆ ಬೆವರ್ತಾ ಇದೀರಿ ಮೂಗಣ್ಣ?” ಎಂದು ಎರಡು ಹೆಜ್ಜೆ ಹಿಂದೆ ಸರಿದ. ಒಳಗೆ ಕಾಲಿಟ್ಟರೆ ಪ್ಯಾಕಿಂಗಿನ ಹೆಂಗಸರು ಕಾಳಿಗೆ ಬಂದ ಕೋಳಿಗಳು ಕಲ್ಲು ಬಿದ್ದಾಗ ಚದುರುವಂತೆ ಚದುರಿದರು.

“ಅಲ್ಲೇ ನಿಲ್ಲಿ ಅಣ್ಣ. ನಮ್ಮನೇಲಿ ಕೂಸಿದೆ,” ಎಂದಳು ಒಬ್ಬಳು.

“ನಂಗೇನೂ ಆಗಿಲ್ಲಮ್ಮ.”

“ಎದುರು ಮನೆಯವರೂ ಹಾಗೇ ಅಂದಿದ್ರಂತೆ,” ಎಂದಳು ಮಾವನ ಸೊಸೆ.

ಮ್ಯಾನೇಜರು ಮುಖದ ಮುಂದೆ ಪ್ಲಾಸ್ಟಿಕ್ಕಿನ ಗುರಾಣಿ ಇಳಿಬಿಟ್ಟುಕೊಂಡು ಬಂದರು. “ನೋಡಿ, ನಿಮ್ಮೊಬ್ಬರಿಂದ ಫ್ಯಾಕ್ಟರಿಗೆ ಬೀಗ ಬೀಳಬಾರದು. ಬೆಳಿಗ್ಗೆ ಗುಲಾಬಿ ಸೋಪಿನ ಲಾಟು ಇಳಿದಿದೆ. ಎಲ್ಲರೆದುರು ಮೂಸಿ. ವಾಸನೆ ಬರ್ಲಿಲ್ವೋ, ಈಗಲೇ ವ್ಯಾನಿಗೆ ಫೋನ್ ಮಾಡ್ತೀನಿ.”

ಕೊಪ್ಪರಿಗೆಗೆ ಸೆಂಟು ಸುರಿಯುವ ಮುದುಕ, ಎಲ್ಲರೂ ಸೆಂಟಜ್ಜ ಎನ್ನುವವನು, ಮುಂದೆ ಬಂದು, “ಸಾರ್, ಆ ಲಾಟಲ್ಲಿ...” ಎಂದು ಶುರುಮಾಡಿದ.

“ದೂರ, ದೂರ,” ಎಂದರು ಮ್ಯಾನೇಜರು. “ನಿಮ್ಮ ಗೆರೆಯೊಳಗೆ ಹೋಗಿ ನಿಲ್ಲಿ. ಹತ್ತಿರ ಬಂದು ಮಾತಾಡ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು?”

ಸೆಂಟಜ್ಜ ನೆಲದ ಮೇಲೆ ಬಳಿದ ಹಳದಿ ಗೆರೆಯೊಳಗೆ ಹೋಗಿ ಬಾಯಿ ಮುಚ್ಚಿ ನಿಂತ.

ಮೂಗಣ್ಣ ಮಾಸ್ಕ್ ಇಳಿಸಿದ. ಸೋಪು ಎರಡು ಸಲ ಕೈಯಿಂದ ಜಾರಿತು. ಮೂಗಿಗೆ ಹಿಡಿದು ಎಳೆದ. ಏನೂ ಇಲ್ಲ. ಮತ್ತೆ ಎಳೆದ. ಬಂಡೆಕಲ್ಲು ಮೂಸಿದಂತಿತ್ತು. ಕಿವಿಯೊಳಗೆ ವ್ಯಾನಿನ ಸದ್ದೇ ಕೇಳಿಸಿತು. ತನ್ನ ಚಪ್ಪಲಿ ಬಾಗಿಲಲ್ಲಿ, ಹೆಂಡತಿ ಮಕ್ಕಳು ಕಿಟಕಿಯೊಳಗೆ. ಅವರಿಗೂ ಅಂಟಿಸಿ ಬಂದೆನೇನೋ.

ಕಣ್ಣು ಮುಚ್ಚಿ ಶುರುಮಾಡಿದ: “ಗುಲಾಬಿ... ಮೊದಲು ತೆಳ್ಳಗೆ ಬರುತ್ತೆ. ಆಮೇಲೆ ತುಂಬಿಕೊಳ್ಳುತ್ತೆ. ಹಿಂದೆ ಒಂಚೂರು ಗಂಧ. ಇಷ್ಟು ಚೆನ್ನಾಗಿ ಈ ಫ್ಯಾಕ್ಟರೀಲಿ ಎಂದೂ ಬಂದಿಲ್ಲ ಸಾರ್.”

ಮ್ಯಾನೇಜರಿಗೆ ನಂಬಿಕೆ ಬರಲಿಲ್ಲ. “ನೀನು ನೋಡಮ್ಮ,” ಎಂದು ಮಾವನ ಸೊಸೆಗೆ ಇನ್ನೊಂದು ಸೋಪು ಕೊಟ್ಟರು. ಅವಳು ಮೂಸಿದಳು. ಅವಳ ಕಣ್ಣು ಅಗಲವಾದವು. ಮೂಗಣ್ಣನನ್ನು ನೋಡಿದಳು, ಬಾಗಿಲು ನೋಡಿದಳು, “ಗಮ್ ಅಂತಿದೆ ಸಾರ್,” ಎಂದಳು. ಕೂಸಿನ ತಾಯಿ ಮೂಸಿ, “ತಲೆನೋವು ಬರೋ ಅಷ್ಟಿದೆ,” ಎಂದಳು. ಉಳಿದವರೂ ಮೂಸಿದರು. ಒಬ್ಬೊಬ್ಬರೂ ಬಿಳಿಚಿಕೊಂಡು ಹೊಗಳಿದರು. ಕೊನೆಗೆ ಮ್ಯಾನೇಜರು ಗುರಾಣಿ ಎತ್ತಿ ತಾವೇ ಮೂಸಿದರು.

“ಬ... ಬಹಳ ಚೆನ್ನಾಗಿದೆ,” ಎಂದು ಕುರ್ಚಿ ಹುಡುಕಿ ಕುಳಿತರು.

ಇನ್ನು ತಡೆಯಲಾರದೆ ಸೆಂಟಜ್ಜ ಗೆರೆಯೊಳಗಿಂದಲೇ ಕೂಗಿದ: “ನಿಮಗೆಲ್ಲ ಏನು ಬಂದಿದೆ? ಸೆಂಟಿನ ಲಾರಿ ಗಡಿಯಲ್ಲೇ ನಿಂತಿದೆ. ಒಂದು ತೊಟ್ಟೂ ಹಾಕಿಲ್ಲ. ಬರೀ ಬಣ್ಣ ಹಾಕಿ ಅಚ್ಚು ಹೊಡೆದಿರೋದು. ಬೆಳಿಗ್ಗೆಯಿಂದ ಹೇಳೋಕೆ ಬರ್ತಿದೀನಿ, ದೂರ ದೂರ ಅಂತೀರಿ.”

ಕೂಸಿನ ತಾಯಿ ನಕ್ಕಳು, ನಗುತ್ತಲೇ ಅತ್ತಳು. ಮೂಗಣ್ಣ ಓಡಿಹೋಗಿ ಫಿನಾಯಿಲ್ ಡಬ್ಬದೊಳಗೆ ಮೂಗಿಟ್ಟ. ಖಾರವಾಗಿ ನೆತ್ತಿಗೇರಿತು. ಅಷ್ಟು ಒಳ್ಳೆಯ ವಾಸನೆಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

“ಸಾರ್, ನಂಗೇನೂ ಆಗಿಲ್ಲ. ಮೂಗು ಗಟ್ಟಿಯಾಗಿದೆ. ಹಾಲಿನ ವಾಸನೆ ತಡೆದಿದ್ದು ಆ ಎರಡು ಮಾಸ್ಕು.”

ಮ್ಯಾನೇಜರು ಆ ಗುಲಾಬಿ ಬಣ್ಣದ ಸೋಪನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅವರ ಮುಖಕ್ಕೆ ರಕ್ತ ವಾಪಸ್ಸು ಬಂದಿತ್ತು.

“ಸಂತೋಷ. ಆದ್ರೆ ಒಂದು ಹೇಳಿ. ಸೆಂಟು ಹಾಕದೇನೇ ಇಷ್ಟು ಜನ ಗಮ್ ಅಂದ್ರಲ್ಲ. ಹೊರಗೆ ಕೊಳ್ಳೋರೂ ಇದೇ ಹೆದರಿಕೆಯಲ್ಲಿದಾರೆ. ವಾಸನೆ ಇಲ್ಲ ಅಂತ ಯಾವನು ಅಂಗಡಿಗೆ ಬಂದು ಬಾಯಿಬಿಡ್ತಾನೆ? ಬಿಟ್ರೆ ಅಂಗಡಿಯವನೇ ವ್ಯಾನಿಗೆ ಫೋನ್ ಮಾಡ್ತಾನೆ.”

“ಅಂದ್ರೆ ಸಾರ್?”

“ಇನ್ನು ಬರೀ ಬಣ್ಣ ಸಾಕು. ಲಾರಿ ವಾಪಸ್ಸು ಕಳಿಸ್ತೀನಿ. ಸೆಂಟಜ್ಜನಿಗೆ ಬಣ್ಣದ ಕೆಲಸ ಇದೆ. ನಿಮಗೆ ಮೂಸೋಕೆ ಏನಿದೆ, ನೀವೇ ಹೇಳಿ.”

ಮೂಗಣ್ಣ ಸೋಪನ್ನು ಮೇಜಿನ ಮೇಲಿಟ್ಟ. ಹೆಂಗಸರ ಕಡೆ ತಿರುಗಿದ. ಪ್ಯಾಕಿಂಗಿನವರು ತಲೆ ತಗ್ಗಿಸಿ, ಗುಲಾಬಿ ಚಿತ್ರದ ಕಾಗದ ಸುತ್ತತೊಡಗಿದ್ದರು. ಅವನು ಮಾಸ್ಕ್ ಕಟ್ಟಿಕೊಳ್ಳದೆಯೇ ಹೊರಟ.

“ಹೊರಗಿನ ಗಾಳಿ ಬೇಕಾಯ್ತಾ? ಬೇಗ ಬಂದ್ಬಿಡಿ, ತಡವಾದ್ರೆ ಮ್ಯಾನೇಜರು ಗೇಟು ತೆಗೆಯೋಕೆ ಬಿಡಲ್ಲ,” ಎಂದ ಗೇಟಿನವನು.

ಮೂಗಣ್ಣ ವಾಪಸ್ಸು ಬರಲಿಲ್ಲ.